ಹಸಿರು ಬಣ್ಣದ ಅಡಿಯ ಗುಲಾಬಿ

ಜನವರಿ 9, ಗುರುವಾರ

ಅಮ್ಮನ ನೀಶ್, ಆ ಗಾಜಿನ ಬೀರು, ಇವತ್ತು ನನ್ನ ಮನೆಗೆ ಬಂತು. ಅಣ್ಣ ವಗ್ದಿಯ ಆಳುಗಳಿಬ್ಬರು ಅದನ್ನು ಮೆಟ್ಟಿಲಿಗೆಲ್ಲ ಬಡಿಯುತ್ತಾ ಹೊತ್ತು ತಂದು ನಡುಮನೆಯಲ್ಲಿ ಧೊಪ್ಪೆಂದು ಇಳಿಸಿ, ಚಹಾ ಕುಡಿಯಿರಿ ಎಂದರೂ ನಿಲ್ಲದೆ ಹೋದರು. ಒಳಗೆಲ್ಲ ಪಾರಿವಾಳದ ಹಿಕ್ಕೆ. ಮೇಲಿನ ಗಾಜುಗಳಲ್ಲಿ ಒಂದೂ ಇಲ್ಲ. ಕೆಳಗಿನ ಬಾಗಿಲೊಂದು ಒಂದೇ ಬಿಜಾಗರಿಯಲ್ಲಿ ಜೋತಾಡುತ್ತಿದೆ. ಮೈತುಂಬ ದಪ್ಪ ಹಸಿರು ಬಣ್ಣ, ಕಿಟಕಿಗೆ ಬಳಿದು ಮಿಕ್ಕಿದ್ದು. ವಗ್ದಿಯ ಹೆಂಡತಿಯ ಕೈಚಳಕ. ತಾರಸಿಯ ಮೇಲೆ ಪಾರಿವಾಳಗಳ ಕಾಳು ತುಂಬಿಡಲು ಇಟ್ಟುಕೊಂಡಿದ್ದರು. ಈಗ ತಾರಸಿ ಕೆಡವುತ್ತಾರಂತೆ. "ಬೇಕಾದ್ರೆ ತಗೊಂಡು ಹೋಗ್ಲಿ, ಇಲ್ದಿದ್ರೆ ಒಲೆಗೆ ಹಾಕ್ತೀವಿ" ಎಂದು ಹೇಳಿ ಕಳಿಸಿದ್ದ.

ನಮ್ಮಮ್ಮ ನೀಶ್ ಇಲ್ಲದೆ ಮದುವೆಯಾದವಳು. ದುಮ್ಯಾತ್‌ನಲ್ಲಿ, ಬೀದಿಗೊಂದು ಬಡಗಿ ಅಂಗಡಿ ಇರುವ ಈ ಊರಿನಲ್ಲಿ, ಬಡಗಿಯ ಹೆಂಡತಿಗೇ ಪಿಂಗಾಣಿ ಇಡಲು ಗಾಜಿನ ಬೀರು ಇಲ್ಲ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರಂತೆ. ನಾನು ಎರಡನೇ ತರಗತಿಯಲ್ಲಿದ್ದಾಗ ಅಪ್ಪ ಕೊನೆಗೂ ಮಾಡಿಕೊಟ್ಟರು, ಅಕ್ರೋಟು ಮರದಲ್ಲಿ, ಬಾಗಿಲಿಗೊಂದು ಗುಲಾಬಿ ಕೆತ್ತಿ. ಆ ಗುಲಾಬಿ ನೋಡಿಯೇ ಊರವರು ಅಪ್ಪನ ಅಂಗಡಿ ಹುಡುಕಿಕೊಂಡು ಬರತೊಡಗಿದ್ದು. ಹಾಜಿ ಬದವಿಯ ಗುಲಾಬಿ ಎಂದರೆ ಆಗ ಗೊತ್ತಿಲ್ಲದವರಿರಲಿಲ್ಲ.

ಹೋದ ವಾರ ಮಗಳು ಮಯಾದಾಳ ಮದುವೆಯ ಮಂಚ ನೋಡಲೆಂದು ವಗ್ದಿಯ ಅಂಗಡಿಗೆ ಹೋಗಿದ್ದೆ. ಪ್ರತಿ ಮಂಚದ ತಲೆಯಲ್ಲೂ ಅದೇ ಗುಲಾಬಿ, ಮೇಲೆ ಚಿನ್ನದ ಬಣ್ಣ. ಬಾಗಿಲ ಮೇಲೆ ಹೊಸ ಬೋರ್ಡು: "ವಗ್ದಿ ಗುಲಾಬಿ. ನಮ್ಮ ಸ್ವಂತ ಕೈಯ ವಿನ್ಯಾಸ." ನನ್ನ ಮೈಯೆಲ್ಲ ಉರಿದುಹೋಯಿತು. ಉಳಿ ಹಿಡಿದು ಒಂದು ಎಲೆ ಕೂಡ ಕೆತ್ತಿದವನಲ್ಲ. ಹದಿನಾರಕ್ಕೇ ಅಂಗಡಿಯ ಕೆಲಸ ಬಿಟ್ಟು ವ್ಯಾಪಾರಕ್ಕೆ ಇಳಿದವನು. ಸತ್ತ ಅಪ್ಪನ ಕೈಯನ್ನೇ ಕದ್ದಿದ್ದಾನೆ.

ಗಿರಾಕಿಗಳ ಎದುರೇ ಕೇಳಿದೆ. "ಯಾವ ಕೈಯಪ್ಪಾ ಇದು? ಚೆಕ್ ಬರೆಯೋ ಕೈಯಾ?" ಅವನು ಮುಖ ಕೆಂಪಗೆ ಮಾಡಿಕೊಂಡು, "ನಿಂಗೆ ಗೊತ್ತಿಲ್ದಿರೋ ವಿಷಯಕ್ಕೆ ಬರಬೇಡ ಇನ್ಸಾಫ್" ಎಂದ. ಅಷ್ಟೇ. ನಾನು ಮಂಚ ನೋಡದೆ ಬಂದೆ.

ಇದನ್ನು ನಾನೇ ರಿಪೇರಿ ಮಾಡುತ್ತೇನೆ. ಏಪ್ರಿಲ್‌ನಲ್ಲಿ ಮಯಾದಾಳ ಮದುವೆ ಸಾಮಾನಿನ ಮೆರವಣಿಗೆ ಹೊರಡುವಾಗ ಮೊದಲ ಟ್ರಕ್ಕಿನಲ್ಲಿ ಇದೇ ಇರಬೇಕು. ಡೋಲು ಬಾರಿಸುವವರು ಅವನ ಅಂಗಡಿಯ ಮುಂದೆ ನಿಲ್ಲಬೇಕು. ಇಡೀ ಬೀದಿ ಅಸಲಿ ಗುಲಾಬಿ ನೋಡಬೇಕು, ಆಮೇಲೆ ಅವನ ಮುಖ ನೋಡಬೇಕು.

ಜನವರಿ 11, ಶನಿವಾರ

ಇಡೀ ಬೀದಿಗೆ ನಾನೇ ತಮಾಷೆ. ಕೆಳಮನೆಯ ಉಮ್ ಗರೀಬ್ ಮೂಗು ಮುಚ್ಚಿಕೊಂಡು ಬಂದು ನೋಡಿದಳು. "ಇನ್ಸಾಫಕ್ಕಾ, ತಲೆ ಸರಿಯಿದೆ ತಾನೆ? ಈ ಊರಲ್ಲಿ ಹೊಸದು ಮಾಡೋರು ಸಾವಿರ ಜನ ಇದ್ದಾರೆ. ಹಳೇದನ್ನ ಕೆರೆಯೋಳು ನೀನೊಬ್ಬಳೇ ನೋಡು."

"ಕೆರೀತೀನಿ. ಕೆರೆದು ಕೆರೆದು ಒಬ್ಬನ ಮುಖದ ಬಣ್ಣಾನೂ ತೆಗೀತೀನಿ" ಎಂದೆ.

ಅವಳಿಗೆ ಖುಷಿಯಾಯಿತು. ಸಂಜೆಯೊಳಗೆ ಈ ಮಾತು ಎಲ್ಲೆಲ್ಲಿ ಹೋಯಿತೋ ದೇವರೇ ಬಲ್ಲ. ಹೋಗಲಿ ಎಂದೇ ಹೇಳಿದ್ದು.

ಪಾಲಿಷ್‌ನವರನ್ನು ಕೇಳಲಿಲ್ಲ. ಅರ್ಧ ಜನ ವಗ್ದಿಯ ಕೆಲಸ ಮಾಡುವವರು, ಉಳಿದರ್ಧ ಮಾಡಲು ಕಾಯುತ್ತಿರುವವರು. ಅಲ್ಲದೆ ಇದು ನನ್ನ ಕೈಯಿಂದಲೇ ಆಗಬೇಕು. ನೀರಿನ ಕಚೇರಿಯಲ್ಲಿ ಇಷ್ಟು ವರ್ಷ ಮುದ್ರೆ ಒತ್ತಿದ ಕೈ. ಕಲಿತರೆ ಬರುತ್ತದೆ.

ಜನವರಿ 18, ಶನಿವಾರ

ಕಲಿತರೆ ಬರುತ್ತದಂತೆ! ಬಣ್ಣ ಕಿತ್ತು ಬರಲೆಂದು ಕಾಸ್ಟಿಕ್ ಸೋಡಾ ಬಿಸಿನೀರಿಗೆ ಹಾಕಿ ಬಳಿದೆ. ಬಣ್ಣ ಬೆಂದ ಹಾಲಿನ ಕೆನೆಯ ಹಾಗೆ ಎದ್ದಿತು, ನಿಜ. ಅದರ ಜೊತೆ ನನ್ನ ಬೆರಳ ಚರ್ಮವೂ ಎದ್ದಿತು. ಸಾಲದ್ದಕ್ಕೆ ಪಕ್ಕದ ಹಲಗೆ ಕಪ್ಪಗೆ ಸುಟ್ಟ ಹಾಗಾಗಿದೆ. ಅಕ್ರೋಟು ಮರಕ್ಕೆ ಸೋಡಾ ಆಗದಂತೆ. ಹೇಳಿದ್ದು ಉಮ್ ಗರೀಬಳ ಗಂಡ, ಬಳಿದು ಮುಗಿದ ಮೇಲೆ, ಬಾಗಿಲಲ್ಲಿ ನಿಂತು ನಗುತ್ತಾ.

ವಿನಿಗರ್ ಹಾಕಿ ತೊಳೆದೆ. ಕಪ್ಪು ಸ್ವಲ್ಪ ಇಳಿದಿದೆ. ಪೂರ್ತಿ ಹೋಗುವುದಿಲ್ಲ. ಇದನ್ನೂ ವಗ್ದಿಯ ಲೆಕ್ಕಕ್ಕೇ ಬರೆದಿದ್ದೇನೆ.

ಜನವರಿ 19, ಭಾನುವಾರ

ಕೈ ಉರಿ. ಕಚೇರಿಗೆ ರಜೆ. ಮಯಾದಾ ಅನ್ನ ಕಲಸಿ ತಿನ್ನಿಸಿದಳು, ಬೈಯುತ್ತಾ.

ಫೆಬ್ರವರಿ 1, ಶನಿವಾರ

ಸೋಡಾ ಬಿಟ್ಟು ಗಾಜಿನ ಚೂರಿನಿಂದ ಕೆರೆಯುತ್ತಿದ್ದೇನೆ. ಒಡೆದ ಕಿಟಕಿಗಾಜಿನ ಅಂಚು ಹಿಡಿದು ಓರೆಯಾಗಿ ಎಳೆದರೆ ಬಣ್ಣ ತೆಳ್ಳಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಒತ್ತಿದರೆ ಮರಕ್ಕೆ ಗಾಯ, ಒತ್ತದಿದ್ದರೆ ಬಣ್ಣ ಜಗ್ಗುವುದಿಲ್ಲ. ಮೊದಮೊದಲು ವಗ್ದಿಯ ಮುಖ ನೆನೆಸಿಕೊಂಡು ಎಳೆಯುತ್ತಿದ್ದೆ, ಹಲಗೆಯ ತುಂಬ ಗೀರು ಬಿತ್ತು. ಈಗ ಏನನ್ನೂ ನೆನೆಸಿಕೊಳ್ಳದೆ ಎಳೆಯುತ್ತೇನೆ.

ಇವತ್ತು ಎಡಬಾಗಿಲಿನಲ್ಲಿ ಮೊದಲ ಎಸಳು ಕಂಡಿತು. ಹಸಿರಿನ ಅಡಿಯಿಂದ ಕಂದು ಎಸಳು, ಅಂಚು ಇಷ್ಟೇ ಇಷ್ಟು ಮಡಚಿಕೊಂಡಿದೆ, ಬಿಸಿಲಿಗೆ ಬಾಡುವ ಮೊದಲು ಮಡಚುತ್ತದಲ್ಲ ಹಾಗೆ. "ಅಪ್ಪಾ!" ಎಂದು ಕೂಗಿಬಿಟ್ಟೆ. ಮಯಾದಾ ಅಡುಗೆಮನೆಯಿಂದ ಓಡಿಬಂದಳು, ಮತ್ತೆ ಕೈ ಸುಟ್ಟುಕೊಂಡೆ ಎಂದುಕೊಂಡು.

ಸಂಜೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. "ನೋಡ್ಕೊಳ್ಳಿ, ಹಾಜಿ ಬದವಿಯ ಕೈ. ಈಗ ಅಂಗಡೀಲಿ ಬೋರ್ಡು ಹಾಕ್ಕೊಂಡಿರೋನು ಆಗ ಗೋಲಿ ಆಡ್ತಿದ್ದ." ಎಲ್ಲರೂ ತಲೆದೂಗಿದರು. ಉಮ್ ಗರೀಬ್ ಎಲ್ಲರಿಗಿಂತ ಜೋರಾಗಿ. ಮೆರವಣಿಗೆಯ ದಿನ ಅಂಗಡಿಯ ಮುಂದೆ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ಆಗಲೇ ಜಾಗ ಯೋಚಿಸುತ್ತಿದ್ದಾಳೆ.

ಫೆಬ್ರವರಿ 7, ಶುಕ್ರವಾರ

ಮದುಮಗ ಹಾತೆಮ್ ಊಟಕ್ಕೆ ಬಂದಿದ್ದ. ಒಳ್ಳೆಯ ಹುಡುಗ, ನೀಶ್ ನೋಡಿ ಚೆನ್ನಾಗಿದೆ ಎಂದ. ಅದರ ಮುಂದೆ ಕಾಲು ಚಾಚಲು ಜಾಗವಿಲ್ಲದೆ ಚಾಪೆಯ ಮೂಲೆಯಲ್ಲಿ ಮುದುಡಿ ಕೂತು ಉಂಡ. ಅವನು ಹೋದ ಮೇಲೆ ಮಯಾದಾ ಶುರುಮಾಡಿದಳು.

"ಅಮ್ಮಾ, ವಗ್ದಿ ಮಾವನ್ನ ಮದುವೆಗೆ ಕರೀತೀಯಾ ಇಲ್ವಾ?"

"ಇಲ್ಲ."

"ಅಪ್ಪ ಇಲ್ಲ. ಮಾವನೂ ಇಲ್ಲ ಅಂದ್ರೆ ನನ್ನ ಕಡೆಯಿಂದ ಯಾರು ನಿಲ್ತಾರೆ? ನೀಶ್ ನಿಲ್ಲುತ್ತಾ?"

"ಬೇಕಾದ್ರೆ ನಿಲ್ಲುತ್ತೆ. ಅವನಿಗಿಂತ ಅದಕ್ಕೇ ಮಾನ ಇದೆ."

"ಮದುವೆ ನಂದಾ, ಇಲ್ಲಾ ನಿಮ್ಮಿಬ್ಬರ ಜಗಳದ್ದಾ? ನಂಗೆ ನೀಶೇ ಬೇಡ. ಇರೋ ಎರಡು ಕೋಣೇಲಿ ಮುಟ್ಟಬಾರದ ಕಪ್ಪು ಬಸಿ ಜೋಡಿಸಿಟ್ಟು ದಿನಾ ಧೂಳು ಒರೆಸೋಕೆ ನಾನು ಓದಿದ್ದಾ?"

ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಏನೇನೋ ಅಂದೆ. ಅವಳು ಬಾಗಿಲು ಹಾಕಿಕೊಂಡಳು. ಇದೂ ಅವನಿಂದಲೇ. ನನ್ನ ಮನೆಯೊಳಗೆ ಕಾಲಿಡದೆಯೇ ನನ್ನ ಮಗಳನ್ನು ನನ್ನ ಮೇಲೆ ತಿರುಗಿಸುತ್ತಾನೆ.

ಫೆಬ್ರವರಿ 15, ಶನಿವಾರ

ಎರಡೂ ಗುಲಾಬಿಯ ಬಣ್ಣ ಹೋಯಿತು. ಸಂದುಗಳಲ್ಲಿ ಉಳಿದದ್ದನ್ನು ಹಲ್ಲುಕಡ್ಡಿಯಿಂದ ತೆಗೆದೆ. ಹುಳು ಕೊರೆದ ತೂತುಗಳಿಗೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆ. ಈಗ ಸ್ಯಾಂಡ್‌ಪೇಪರ್ ಕೆಲಸ.

ಸಪಾಟು ಹಲಗೆ ಸುಲಭ. ಕೆತ್ತನೆಯ ಒಳಗೆ ಕಷ್ಟ. ಕಾಗದ ಮಡಚಿ ಗೀರಿನೊಳಗೆ ತೂರಿಸಿದರೆ ಪ್ರತಿ ಎಸಳಿನ ಬುಡದಲ್ಲೂ ಕೈ ಎಡವುತ್ತದೆ, ಮಣಿಕಟ್ಟು ತಿರುಚಿ ನೋವು ಬರುತ್ತದೆ. ಅರ್ಧ ದಿನ ಒದ್ದಾಡಿದೆ. ಆಮೇಲೆ ಬಲಗೈ ಸೋತು ಕಾಗದವನ್ನು ಎಡಗೈಗೆ ತೆಗೆದುಕೊಂಡೆ ನೋಡು, ಸರ್ರನೆ ಹೋಯಿತು. ಉಳಿ ಹೋದ ದಾರಿಯಲ್ಲೇ ಬೆರಳು ಹೋಗುತ್ತದೆ, ಎಲ್ಲಿಯೂ ತಡೆಯಿಲ್ಲ. ಮುಂದೆ ಯಾವಾಗಲಾದರೂ ಬೇಕಾಗುತ್ತದೆ, ಅದಕ್ಕೆ ಬರೆದಿಡುತ್ತಿದ್ದೇನೆ: ಸಪಾಟಿಗೆ ಬಲಗೈ, ಗುಲಾಬಿಗೆ ಎಡಗೈ.

ಮಯಾದಾ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಚಹಾ ತಂದು ಪಕ್ಕದಲ್ಲಿಟ್ಟು ಹೋದಳು.

ಫೆಬ್ರವರಿ 26, ಬುಧವಾರ

ಅರಗು ತರಲು ಹೋಗಿದ್ದೆ. ಅಂಗಡಿಯವನು ಪೊಟ್ಟಣ ಕಟ್ಟುತ್ತಾ, "ವಗ್ದಿ ಸಾಹೇಬರಿಗೆ ನನ್ನ ಸಲಾಂ ಹೇಳಿ" ಎಂದ. "ನೀನೇ ಹೋಗಿ ಹೇಳು, ನಿನಗೂ ಕಾಲಿದೆ" ಎಂದೆ. ಪಾಪ, ಅವನದೇನು ತಪ್ಪು. ಹಿಂದಿರುಗಿ ಬಂದು ಕ್ಷಮಿಸಪ್ಪಾ ಎಂದೆ. ಹೀಗೆ ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ, ಅವನೂ ಗಾಬರಿಯಾದ.

ಸ್ಪಿರಿಟ್‌ನಲ್ಲಿ ಅರಗು ಕರಗಿಸಿ, ಹತ್ತಿ ಉಂಡೆಯನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ, ಮೊದಲ ಕೈ ಹಾಕಿದೆ. ಕಣ್ಣು ತುಂಬುವಂತಿತ್ತು. ಮಧ್ಯಾಹ್ನ ಸಮುದ್ರದ ಕಡೆಯಿಂದ ಮೋಡ ಕವಿದು ಗಾಳಿಮಳೆ ಶುರುವಾಯಿತು. ನೋಡುತ್ತಿದ್ದ ಹಾಗೆಯೇ ಪಾಲಿಷ್ ಬಿಳಿಚಿಕೊಂಡಿತು, ಬೂಷ್ಟು ಹಿಡಿದ ಹಾಗೆ. ಥಂಡಿ ಗಾಳಿಯಲ್ಲಿ ಅರಗು ಹಾಕಬಾರದು ಎಂದು ಈ ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆತುರ.

ಮೊದಲಾಗಿದ್ದರೆ ಹತ್ತಿ ಉಂಡೆ ಗೋಡೆಗೆ ಎಸೆಯುತ್ತಿದ್ದೆ. ಸ್ಪಿರಿಟ್ ಹಾಕಿ ಒರೆಸಿದೆ. ಬಿಸಿಲು ಬರಲಿ.

ಮಾರ್ಚ್ 8, ಶನಿವಾರ

ಬಿಸಿಲು ಬಂತು. ಕಿಟಕಿ ಎಲ್ಲ ತೆಗೆದು ಬೆಳಗಿನಿಂದ ಕೂತೆ. ಹತ್ತಿಗೆ ಒಂದೇ ಹನಿ ಎಣ್ಣೆ, ಸುತ್ತಿ ಸುತ್ತಿ ಉಜ್ಜುವುದು, ಎಲ್ಲೂ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಕಡೆ ಅಂಟಿಕೊಳ್ಳುತ್ತದೆ. ಮೊದಲು ಏನೂ ಕಾಣುವುದಿಲ್ಲ. ಎರಡನೆಯ ಕೈ, ಮೂರನೆಯ ಕೈ, ಆಗ ಮರದ ಒಳಗಿನಿಂದ ಬಣ್ಣ ಎದ್ದು ಬರುತ್ತದೆ. ಕಪ್ಪಗೆ ಸುಟ್ಟಿದ್ದ ಹಲಗೆ ಕೂಡ ಪರವಾಗಿಲ್ಲ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಬಾಗಿಲಿಗೆ ಹೊಸ ಬಿಜಾಗರಿ ಹಾಕಿಸಿದೆ. ಗಾಜಿನವನು ನಾಡಿದ್ದು ಬರುತ್ತಾನೆ.

ಅಮ್ಮ ಹಬ್ಬದ ದಿನ ಮಾತ್ರ ಕಪ್ಪುಗಳನ್ನು ತೆಗೆದು ತೊಳೆದು ಮತ್ತೆ ಇಡುತ್ತಿದ್ದಳು. ನಮಗ್ಯಾರಿಗೂ ಅದರಲ್ಲಿ ಚಹಾ ಕೊಟ್ಟವಳಲ್ಲ. ಅವಳು ತೊಳೆಯುವಾಗ ಒರೆಸಿಕೊಡುವ ಕೆಲಸ ವಗ್ದಿಯದು, ಎಣಿಸುವ ಕೆಲಸ ನನ್ನದು. ನಾನು ತಪ್ಪು ಎಣಿಸಿದರೆ ಅವನು ಕಣ್ಣು ಹೊಡೆದು ಸರಿಯಾದ ಎಣಿಕೆ ಬೆರಳಲ್ಲಿ ತೋರಿಸುತ್ತಿದ್ದ.

ಇವತ್ತಿಡೀ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಮರೆತುಹೋಗಿತ್ತು. ಬರೆಯಲು ಕೂತಾಗ ನೆನಪಾಯಿತು. ಮರೆಯಬಾರದು.

ಮಾರ್ಚ್ 14, ಶುಕ್ರವಾರ

ಮಯಾದಾ ತಾನಾಗಿಯೇ ಬಂದು ಪಕ್ಕದಲ್ಲಿ ಕೂತು, "ಕೊಡು, ನಾನೂ ಒಂದಿಷ್ಟು ಉಜ್ತೀನಿ" ಎಂದಳು. ಒಂದು ಬಾಗಿಲು ಅವಳಿಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಕೈ ಝಾಡಿಸತೊಡಗಿದಳು.

"ಬಲಗೈಯಲ್ಲಿ ಬರಲ್ಲ. ಎಡಗೈಯಲ್ಲಿ ಹಿಡಿ" ಎಂದೆ.

ಅವಳು ಹಿಡಿದಳು. ಎರಡು ಸಲ ಎಳೆದಳು. ನಿಲ್ಲಿಸಿದಳು. ಗುಲಾಬಿಯ ಮೇಲೆ ಬೆರಳಾಡಿಸುತ್ತಾ, "ಅಮ್ಮಾ, ತಾತ ಎಡಚರಾ?" ಎಂದು ಕೇಳಿದಳು.

"ಅಲ್ಲವೇ. ಯಾಕೆ?"

"ಇದನ್ನ ಕೆತ್ತಿದೋರು ಎಡಚರು. ನೋಡು, ಗೀರೆಲ್ಲ ಆ ಕಡೆಯಿಂದ ಈ ಕಡೆಗೆ ಇಳಿದಿದೆ. ಬಲಗೈಯೋರು ಹೀಗೆ ಉಳಿ ಹಿಡಿಯೋಕೇ ಆಗಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಅದರ ಮುಂದೆ ನಿಂತುಕೊಂಡೆ.

ನಮ್ಮ ಮನೆಯಲ್ಲಿ ಎಡಚ ಒಬ್ಬನೇ, ವಗ್ದಿ. ಊಟಕ್ಕೆ ಕೂತಾಗ ಅಪ್ಪ ಅವನ ಎಡಗೈಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟಿಹಾಕುತ್ತಿದ್ದರು. ಅದು ಕೊಳಕು ಕೈ, ಅದರಲ್ಲಿ ಮಾಡಿದ ಕೆಲಸಕ್ಕೆ ಬರಕತ್ ಇಲ್ಲ, ಏಳಿಗೆ ಇಲ್ಲ ಎನ್ನುತ್ತಿದ್ದರು. ಈಗ ಅವನು ಉಣ್ಣುವುದು, ಬರೆಯುವುದು ಎಲ್ಲ ಬಲಗೈಯಲ್ಲಿ. ಬೀಗ ತೆಗೆಯುವಾಗ ಮಾತ್ರ ಮರೆತು ಎಡಗೈ ಹಾಕುತ್ತಾನೆ.

ಮಾರ್ಚ್ 15, ಶನಿವಾರ

ಇಲ್ಲ. ಸಾಧ್ಯವೇ ಇಲ್ಲ. ಆಗ ಅವನಿಗೆ ಹದಿನಾಲ್ಕು. ಹದಿನಾಲ್ಕರ ಹುಡುಗ ಇಂಥದ್ದು ಕೆತ್ತುವುದುಂಟೇ. ಅಪ್ಪನೇ ಮರದ ಎಳೆ ನೋಡಿ ಕೈ ಬದಲಾಯಿಸಿರಬೇಕು.

ಇವತ್ತು ನೀಶ್ ಮುಟ್ಟಲಿಲ್ಲ.

ಮಾರ್ಚ್ 21, ಶುಕ್ರವಾರ

ತಾಯಂದಿರ ದಿನ. ಅಮ್ಮನಿಲ್ಲ. ಅಪ್ಪನ ತಂಗಿ ತಫೀದಾ ಅತ್ತೆಯ ಮನೆಗೆ ಮಿಶಬ್ಬಿಕ್ ತೆಗೆದುಕೊಂಡು ಹೋದೆ. ಪಾಕದಲ್ಲಿ ಅದ್ದಿದ, ಬಲೆಯಂಥ ಬಿಸಿ ಸಿಹಿತಿಂಡಿ, ಹಲ್ಲಿಲ್ಲದಿದ್ದರೂ ಬಿಡುವವಳಲ್ಲ. ಅವಳು ಚೀಪುತ್ತಿದ್ದಳು, ನಾನು ಸುತ್ತಿ ಬಳಸದೆ ಕೇಳಿದೆ.

"ಅತ್ತೇ, ಅಮ್ಮನ ನೀಶ್‌ನ ಗುಲಾಬಿ ಯಾರು ಕೆತ್ತಿದ್ದು?"

ಅತ್ತೆ ಬೆರಳು ನೆಕ್ಕಿದಳು. "ಈಗ ಕೇಳ್ತೀಯಲ್ಲೇ. ಊರೆಲ್ಲ ಡಂಗುರ ಹೊಡೆದಾದ ಮೇಲೆ."

"ಹೇಳು."

"ಆ ಹುಡುಗನೇ. ಅಂಗಡಿ ಹಿಂದೆ ಪರದೆ ಕಟ್ಟಿ ಅದರೊಳಗೆ ಕೂರಿಸ್ತಿದ್ದ ನಿಮ್ಮಪ್ಪ. ಗಿರಾಕಿ ಬಂದ್ರೆ ಹುಡುಗ ಉಸಿರೆತ್ತೋ ಹಾಗಿರಲಿಲ್ಲ. ಮದುವೆ ಸಾಮಾನು ಕಣೇ ಅದೆಲ್ಲ. ಎಡಗೈಯಲ್ಲಿ ಕೆತ್ತಿದ್ದು ಅಂದ್ರೆ ಯಾವ ಹೆಣ್ಣಿನ ತಾಯಿ ತಗೋತಾಳೆ?"

"ಮತ್ತೆ ಅಪ್ಪನ ಗುಲಾಬಿ ಅಂತ..."

"ಅಂಗಡಿ ಅಪ್ಪಂದು, ಗುಲಾಬೀನೂ ಅಪ್ಪಂದು. ಒಂದು ದಿನ ಹುಡುಗ ಹಠ ಹಿಡಿದ, ಒಂದ್ಸಲನಾದ್ರೂ ನನ್ನ ಹೆಸರು ಹೇಳು ಅಂತ. ಕೆನ್ನೆಗೆ ಬಿತ್ತು, ಐದು ಬೆರಳೂ ಮೂಡೋ ಹಾಗೆ. ಅವತ್ತಿಗೆ ಉಳಿ ಕೆಳಗಿಟ್ಟೋನು ಮತ್ತೆ ಮುಟ್ಟಲಿಲ್ಲ. ನಿಮ್ಮಪ್ಪ ಆಮೇಲೆ ಯಾಕೆ ಬರೀ ದ್ರಾಕ್ಷಿಬಳ್ಳಿ ಕೆತ್ತಿಕೊಂಡಿದ್ದ ಅಂದ್ಕೊಂಡಿದ್ದೆ?"

ನಿಜ. ಆಮೇಲೆ ಬರೀ ದ್ರಾಕ್ಷಿಬಳ್ಳಿ. ವಯಸ್ಸಾಯಿತು, ರುಚಿ ಬದಲಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು.

"ನಂಗ್ಯಾಕೆ ಅವನು ಹೇಳಲಿಲ್ಲ?"

"ನಿಮ್ಮಮ್ಮ ಆಣೆ ಹಾಕಿಸಿಕೊಂಡಿದ್ದಳು, ನಾನು ಬದುಕಿರೋವರೆಗೆ ಅಪ್ಪನ ಮಾನ ತೆಗೀಬೇಡ ಅಂತ. ಅವಳು ಹೋದಳು, ಬೋರ್ಡು ಹಾಕಿದ. ಹೇಳಿದ್ರೆ ನೀನು ನಂಬ್ತಿದ್ಯಾ? ಅಪ್ಪ ಅಂದ್ರೆ ನಿಂಗೆ ಆಕಾಶದಿಂದ ಇಳಿದೋನು."

"ಮತ್ತೆ ಪಾರಿವಾಳದ ಕಾಳು ತುಂಬೋಕೆ ಇಟ್ಟಿದ್ನಲ್ಲ ಅದನ್ನ!"

"ಕಣ್ಣೆದುರಿಗೆ ಇಟ್ಟುಕೊಳ್ಳೋಕೆ ಆಗ್ತಿರಲಿಲ್ಲ. ಒಡೆದು ಹಾಕೋಕೂ ಆಗ್ತಿರಲಿಲ್ಲ. ಇನ್ನೊಂದು ಚೂರು ಕೊಡು, ತಣ್ಣಗಾಗ್ತಿದೆ."

ಮಾರ್ಚ್ 23, ಭಾನುವಾರ

ಸಿಟ್ಟು ಎಲ್ಲಿಗೆ ಹೋಗಬೇಕು ಹೇಳು? ಅದು ನಿನ್ನೆ ಮೊನ್ನೆ ಬಂದದ್ದಲ್ಲ, ಜನವರಿಯಿಂದ ಸಾಕಿದ್ದೇನೆ. ಅಪ್ಪನ ಮೇಲೆ ತಿರುಗಿಸೋಣವೆಂದರೆ ಅವರು ಗೋರಿಯಲ್ಲಿ. ಅಮ್ಮನೂ ಅಲ್ಲೇ, ಪಕ್ಕದಲ್ಲಿ. ಕಚೇರಿಯಲ್ಲಿ ಒಬ್ಬ ರೈತನ ಅರ್ಜಿಗೆ ತಲೆಕೆಳಗಾಗಿ ಮುದ್ರೆ ಒತ್ತಿ ಅವನ ಮೇಲೇ ಕೂಗಾಡಿದೆ.

ವಗ್ದಿಯ ಮೇಲೂ ಸಿಟ್ಟು ಕಡಿಮೆಯಾಗಿಲ್ಲ. ಇನ್ನೂ ಹೆಚ್ಚಾಗಿದೆ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ನನ್ನನ್ನು ಮೂರ್ಖಳನ್ನಾಗಿ ಮಾಡಿದ. ಗಿರಾಕಿಗಳ ಎದುರು ನಾನು ಹಾಗೆ ಅಂದಾಗಲಾದರೂ ತಿರುಗಿ ಬೈಯಬೇಕಿತ್ತು.

ಯಾರಿಗೂ ಹೇಳುವುದಿಲ್ಲ. ಅತ್ತೆಯ ಹತ್ತಿರ ಆಣೆ ಹಾಕಿಸಿಕೊಂಡಿದ್ದೇನೆ. ಬೀದಿಗೆಲ್ಲ ಅಪ್ಪನ ಕೈ ಎಂದು ಸಾರಿದ್ದೇನೆ. ಮಗಳ ಮದುವೆಯ ಸಾಮಾನು ಎಡಗೈಯದು ಎಂದು ಹಾತೆಮ್‌ನ ತಾಯಿಯ ಕಿವಿಗೆ ಬಿದ್ದರೆ ಮುಗಿಯಿತು. ಮೆರವಣಿಗೆ ಬೇರೆ ದಾರಿಯಲ್ಲಿ ಹೋಗಲಿ.

ಏಪ್ರಿಲ್ 5, ಶನಿವಾರ

ಬೇರೆ ದಾರಿಯಂತೆ! ಉಮ್ ಗರೀಬಳಿಗೆ ಹೇಳಿದ್ದಕ್ಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅದ್ಹೇಗಾಗುತ್ತೆ ಇನ್ಸಾಫಕ್ಕಾ? ಡೋಲಿನೋರಿಗೆ ಹೇಳಾಗಿದೆ, ನಮ್ಮಕ್ಕ ರಾಸ್ ಅಲ್ ಬರ್‌ನಿಂದ ಇದನ್ನ ನೋಡೋಕೇ ಬರ್ತಿದ್ದಾಳೆ. ಈಗ ಹೆದರಿಕೊಂಡ್ಯಾ?"

"ಯಾರು, ನಾನಾ?" ಎಂದೆ. ಆ ನಾಲಿಗೆಯನ್ನು ಕತ್ತರಿಸಬೇಕು.

ನೀಶ್ ತಯಾರಾಗಿದೆ. ಗಾಜು ಹಾಕಿದ ಮೇಲೆ ನಡುಮನೆ ಎಲ್ಲ ಅದರಲ್ಲಿ ಕಾಣುತ್ತದೆ. ಮಯಾದಾ ತಾನೇ ಕಪ್ಪುಗಳನ್ನು ಜೋಡಿಸಿ ನೋಡಿ, ಮತ್ತೆ ತೆಗೆದು, "ಇದರಲ್ಲಿ ನಾನು ದಿನಾ ಚಹಾ ಕುಡೀತೀನಿ, ಹೇಳಿಬಿಟ್ಟಿದ್ದೀನಿ" ಎಂದಳು. ಕುಡಿ ಎಂದೆ. ಅಮ್ಮ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

ಏಪ್ರಿಲ್ 10, ಗುರುವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಮೊದಲ ಟ್ರಕ್ಕಿನಲ್ಲಿ ನೀಶ್, ಹಗ್ಗ ಬಿಗಿದು, ಬಾಗಿಲುಗಳು ಬೀದಿಗೆ ಕಾಣುವ ಹಾಗೆ. ನಾನು ಡ್ರೈವರನ ಪಕ್ಕದಲ್ಲಿ. ಹಿಂದಿನ ಟ್ರಕ್ಕುಗಳಲ್ಲಿ ಹಾಸಿಗೆ, ಫ್ರಿಜ್ಜು, ಪಾತ್ರೆ. ಅದರ ಹಿಂದೆ ಕಾರುಗಳು ಹಾರ್ನ್ ಬಡಿಯುತ್ತಾ, ಒಂದರಲ್ಲಿ ಮಯಾದಾ, ಹಾತೆಮ್ ಮತ್ತು ಅವನ ತಾಯಿ. ವಗ್ದಿಯ ಅಂಗಡಿಯ ಮುಂದೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೋಲಿನವರು ನಾನು ಬೇಡವೆಂದು ಕೈಯಾಡಿಸುತ್ತಿದ್ದರೂ ನಿಂತೇಬಿಟ್ಟರು. ಟ್ರಕ್ಕೂ ನಿಂತಿತು.

ಉಮ್ ಗರೀಬ್ ಕೂಗಿದಳು. "ಎಲ್ಲರೂ ನೋಡ್ರಪ್ಪಾ, ಹಾಜಿ ಬದವಿಯ ಕೈ ಅಂದ್ರೆ ಇದು! ಬೋರ್ಡು ಹಾಕಿದೋರೂ ಬಂದು ನೋಡಲಿ!"

ವಗ್ದಿ ಹೊರಗೆ ಬಂದ. ಡೋಲು ನಿಂತಿತು. ಮೆಟ್ಟಿಲಿಳಿದು ಟ್ರಕ್ಕಿನ ಹತ್ತಿರ ಬಂದು ಬಾಗಿಲುಗಳನ್ನು ನೋಡುತ್ತಾ ನಿಂತ. ಕನ್ನಡಿಯಲ್ಲಿ ನನಗೆ ಅವನ ಮುಖ ಕಾಣುತ್ತಿತ್ತು. ಬೆರಳಿನಿಂದ ಒಂದು ಎಸಳಿನ ಅಂಚು ಮುಟ್ಟಿದ. ಹಸಿರು ಬಣ್ಣ ಬಳಿಯುವ ಮೊದಲು ಅವನು ಅದನ್ನು ಕೊನೆಯ ಸಲ ಯಾವಾಗ ನೋಡಿದ್ದನೋ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ಹೌದು. ನಮ್ಮಪ್ಪನ ಕೈ. ದೇವರು ಅವರ ಮೇಲೆ ಕರುಣೆ ಇಡಲಿ. ಬೋರ್ಡು ನಾಳೆ ಇಳಿಸ್ತೀನಿ." ಡ್ರೈವರನಿಗೆ, "ನಡಿಯಪ್ಪಾ, ಮಗು ಸಾಮಾನು, ಬಿಸಿಲಲ್ಲಿ ನಿಲ್ಲಿಸಬೇಡ" ಎಂದ.

ಜನ ಹೋ ಎಂದರು. ಟ್ರಕ್ಕು ಹೊರಟಿತು. ಜನವರಿಯಿಂದ ನಾನು ಬಯಸಿದ್ದು ಇದೇ ಮಾತು, ಇದೇ ಜಾಗದಲ್ಲಿ, ಇಷ್ಟೇ ಜನರ ಎದುರು. ಆದರೆ ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ನಾನು ಗೆಲ್ಲಲಿಲ್ಲ. ಭಿಕ್ಷೆ ಹಾಕಿದ ಹಾಗೆ ಹಾಕಿಹೋದ.

"ನಿಲ್ಸು! ಹಿಂದಕ್ಕೆ ತಿರುಗಿಸು!" ಎಂದು ಡ್ಯಾಶ್‌ಬೋರ್ಡ್ ಗುದ್ದಿದೆ.

ಡ್ರೈವರ ಹೆದರಿದ. "ಅಮ್ಮಾ, ಮದುವೆ ಸಾಮಾನು ಹಿಂದಕ್ಕೆ ತಿರುಗಿಸೋದುಂಟಾ!"

ಹಾಗಾದರೆ ಇರಲಿ ಎಂದು ನಾನೇ ಇಳಿದೆ. ಹೊಸ ಬಟ್ಟೆಯ ಅಂಚು ಎತ್ತಿ ಹಿಡಿದುಕೊಂಡು ಜನರ ನಡುವೆ ನುಗ್ಗಿ ಅವನ ಮುಂದೆ ಹೋಗಿ ನಿಂತೆ.

"ಏ ಸುಳ್ಳಾ! ಯಾರ ಕೈ ಅಂದೆ?"

"ಅಪ್ಪಂದು ಕಣೇ. ನಿಂಗೇನು ಬೇಕಿತ್ತೋ ಅದನ್ನೇ ಹೇಳಿದೆನಲ್ಲ. ಹೋಗು."

"ನಂಗೇನು ಬೇಕು ಅಂತ ನಿಂಗೇನು ಗೊತ್ತು? ಉಜ್ಜಿದೋಳು ನಾನು. ಒಂದೊಂದು ಗೀರೂ ನನ್ನ ಬೆರಳಿಗೆ ಗೊತ್ತು. ಬಲಗೈ ಒಳಗೆ ಬಿಡಲ್ಲ ಅದು!"

ಅವನ ಮುಖ ಬಿಳುಪಾಯಿತು. ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಮೆಲ್ಲಗೆ, ಇನ್ಸಾಫ್. ಮದುವೆ ಸಾಮಾನು. ಎಡಗೈ ಅಂದ್ರೆ ಆ ಹುಡುಗನ ಮನೆಯೋರು ಏನಂದ್ಕೋತಾರೆ? ಮಯಾದಾಗೋಸ್ಕರ ಸುಮ್ನಿರು. ನಂಗೆ ಅಭ್ಯಾಸ ಆಗಿದೆ."

ಅಭ್ಯಾಸ ಆಗಿದೆಯಂತೆ! ಆ ಮಾತಿಗೆ ನನಗೆ ಇನ್ನು ತಡೆಯಲಾಗಲಿಲ್ಲ. ಬೀದಿಯ ಕಡೆ ತಿರುಗಿ, ಗಂಟಲು ಹರಿಯುವ ಹಾಗೆ ಕೂಗಿದೆ.

"ಕೇಳಿಸ್ಕೊಳ್ಳಿ! ಈ ಗುಲಾಬಿ ಇವನು ಕೆತ್ತಿದ್ದು! ಹದಿನಾಲ್ಕು ವರ್ಷಕ್ಕೆ, ಎಡಗೈಯಲ್ಲಿ, ಪರದೆ ಹಿಂದೆ ಕೂತು! ನಮ್ಮಪ್ಪ ತನ್ನದು ಅಂತ ಮಾರಿದರು! ನಾನು ಸಾರಿದ್ದೂ ಸುಳ್ಳು, ಇವನು ಈಗ ಹೇಳಿದ್ದೂ ಸುಳ್ಳು! ಎಡಗೈ ಅಂತ ಯಾರಿಗಾದ್ರೂ ಹೇಸಿಗೆ ಇದ್ರೆ ಈಗಲೇ ಮನೆಗೆ ಹೋಗಿ!"

ಉಮ್ ಗರೀಬಳ ಬಾಯಿ ತೆರೆದದ್ದು ತೆರೆದೇ ಇತ್ತು. ಹಾತೆಮ್‌ನ ತಾಯಿ ಕಾರಿನ ಗಾಜು ಇಳಿಸಿ ನೀಶನ್ನೂ ನನ್ನನ್ನೂ ನೋಡುತ್ತಿದ್ದಳು. ಮುಗಿಯಿತು, ಮಗಳ ಮದುವೆಯನ್ನು ನನ್ನ ಬಾಯಿಂದಲೇ ಕೆಡಿಸಿದೆ ಎಂದುಕೊಂಡೆ. ಆಗ ಪಕ್ಕದ ಬಾಗಿಲು ತೆರೆದು ಮಯಾದಾ ಇಳಿದಳು. ಇಳಿದವಳು ನಾಲಿಗೆ ಹೊರಳಿಸಿ, ಮದುವೆ ಮನೆಯಲ್ಲಿ ಹೆಂಗಸರು ಹಾಕುವಂಥ ಉಲುಲು ಹಾಕಿದಳು, ಒಂದೇ ಉಸಿರಿನಲ್ಲಿ, ಬೀದಿಯ ಆ ತುದಿಗೆ ಕೇಳುವ ಹಾಗೆ. ಮದುಮಗಳೇ ಹಾಕಿದ ಮೇಲೆ ಉಳಿದವರು ಏನು ಮಾಡಬೇಕು? ಒಬ್ಬೊಬ್ಬರಾಗಿ ಸೇರಿಕೊಂಡರು. ಹಾತೆಮ್‌ನ ತಾಯಿ ಸ್ವಲ್ಪ ತಡವಾಗಿ, ಆದರೂ ಸೇರಿಕೊಂಡಳು. ಡೋಲು ಮತ್ತೆ ಶುರುವಾಯಿತು.

"ಹೇಳು, ಯಾರದು?" ಎಂದು ಅವನ ಅಂಗಿಯ ಕಾಲರ್ ಹಿಡಿದೆ. ಬಿಡುವಂತೆಯೇ ಇರಲಿಲ್ಲ ನಾನು.

"ಬಿಡೇ, ಜನ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ ಕೇಳ್ತಿರೋದು. ಹೇಳು!"

"ನಂದು" ಎಂದ. ಅಷ್ಟು ಮೆಲ್ಲಗೆ ಅಂದನೆಂದು ಇನ್ನೊಮ್ಮೆ ಹೇಳಿಸಿದೆ. ಎರಡನೆಯ ಸಲ ಜೋರಾಗಿ ಹೇಳಿದ. ಹೇಳಿದವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಇಷ್ಟು ದೊಡ್ಡ ಮನುಷ್ಯ, ಬಿಕ್ಕಿ ಬಿಕ್ಕಿ ಅಳತೊಡಗಿದ. ಅಳಲಿ. ಚೆನ್ನಾಗಿ ಅಳಲಿ. ನಾನು ಪಕ್ಕದಲ್ಲೇ ಕೂತು ಅವನು ಅಳುವುದನ್ನು ಕೊನೆಯವರೆಗೂ ನೋಡಿದೆ. ಟ್ರಕ್ಕುಗಳು ನಾನಿಲ್ಲದೆಯೇ ಹೋದವು.

ಇವತ್ತು ಅಣ್ಣನನ್ನು ಇಡೀ ಬೀದಿಯ ಎದುರು ಸೋಲಿಸಿದೆ. ಸೇಡು ತೀರಿತು ಎಂದು ಅವನು ಅಂದುಕೊಂಡಿದ್ದರೆ ಅದು ಅವನ ಭ್ರಮೆ. ನಾಳೆ ಬೆಳಿಗ್ಗೆ ಬಾತುಕೋಳಿಗೆ ಈರುಳ್ಳಿ ತುಂಬಿ ಬೇಯಿಸಿಕೊಂಡು ಅವನ ಮನೆಗೇ ಹೋಗುತ್ತೇನೆ. ಬೈಯುವುದು ಇನ್ನೂ ತುಂಬ ಬಾಕಿಯಿದೆ, ಬೀದಿಯಲ್ಲಿ ನಿಂತು ಎಲ್ಲವನ್ನೂ ಬೈಯಲಾಗುವುದಿಲ್ಲ. ಮದುವೆಯ ದಿನ ಮಯಾದಾಳ ಪಕ್ಕದಲ್ಲಿ ಬಂದು ನಿಲ್ಲದಿದ್ದರೆ ಕಾಲು ಮುರಿಯುತ್ತೇನೆ ಎಂದೂ ಹೇಳಿ ಬರುತ್ತೇನೆ.